ದನದ ಸಂತೆಯ ಕೆಳಗಿನ ಹೆಜ್ಜೆಗಳು

ದೇವದುರ್ಗದ ಹಳೆಯ ದನದ ಸಂತೆಯಲ್ಲಿ ಉತ್ಖನನ ನಡೆದ ಬೇಸಿಗೆಯಲ್ಲಿ ನನಗೆ ಐವತ್ತಮೂರು ವರ್ಷ. ಅಷ್ಟು ಹೊತ್ತಿಗೆ ನನಗೆ ಸಾಕಾಗಿತ್ತು. ಏನು ಸಾಕಾಗಿತ್ತು ಎಂದು ಯಾರಾದರೂ ಕೇಳಿದ್ದರೆ ಇಂಥದ್ದೇ ಎಂದು ಹೇಳಲು ಬರುತ್ತಿರಲಿಲ್ಲ.

ಮಾನ್ವಿಯ ಒಂದು ಖಾಸಗಿ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಆ ವರ್ಷ ಚಿತ್ರಕಲೆಯ ಪೀರಿಯಡ್ಡುಗಳನ್ನು ತೆಗೆದು ಅಲ್ಲಿ ಕಂಪ್ಯೂಟರ್ ಕ್ಲಾಸು ಹಾಕಿದರು, ನನ್ನ ಕೆಲಸ ಹೋಯಿತು. ಮನೆಯಲ್ಲಿ ನನ್ನ ಗಂಡ ಇದ್ದರು. ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದವರು, ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಸೋತಿದ್ದವು. ಗೋಡೆ ಹಿಡಿದು ಪಡಸಾಲೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಪಡಸಾಲೆಗೆ ಬರುವುದೇ ಅವರ ಇಡೀ ದಿನದ ಕೆಲಸವಾಗಿತ್ತು. ಅವರು ನಡೆದ ಮೇಲೆ ನೆಲದ ಧೂಳಿನಲ್ಲಿ ಒಂದು ಪಾದ, ಪಕ್ಕದಲ್ಲಿ ಒಂದು ಗೆರೆ, ಮತ್ತೊಂದು ಪಾದ, ಮತ್ತೊಂದು ಗೆರೆ ಮೂಡುತ್ತಿದ್ದವು. ದಿನಕ್ಕೆ ಎರಡು ಸಲ ಕಸ ಗುಡಿಸುವವಳು ನಾನೇ ಆದ್ದರಿಂದ ಅದು ನನಗೆ ಗೊತ್ತು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಾಯಚೂರಿನ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದಳು. ಅವಳು ಫೋನು ಮಾಡಿ, ದೇವದುರ್ಗದಲ್ಲಿ ನೆಲ ಅಗೆಯುತ್ತಿದ್ದಾರೆ, ಸಿಕ್ಕ ಮಡಕೆ ಚೂರುಗಳ ಚಿತ್ರ ಬರೆಯುವವರು ಬೇಕಂತೆ, ಇದ್ದ ನಕ್ಷೆಗಾರನಿಗೆ ವರ್ಗವಾಗಿದೆ ಎಂದಳು. ನಾನು ಗಂಡನನ್ನು ಕೇಳಿದೆ.

"ಹೋಗು," ಅಂದರು. "ಇಬ್ಬರೂ ಮನ್ಯಾಗ ಕೂತು ಗೋಡಿ ನೋಡೋದಕ್ಕಿಂತ ಒಬ್ಬರರೇ ಹೊರಗ ಹೋದ್ರ ಛಲೋ."

ಅವರು ಹಾಗೆ ಹೇಳಿದ್ದು ನನ್ನ ಮೇಲಿನ ಕರುಣೆಯಿಂದಲೋ ಸಿಟ್ಟಿನಿಂದಲೋ ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಶಕ್ತಿಯೂ ಇರಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ ಮಾಡಿ, ಅವರಿಗೆ ಸ್ನಾನ ಮಾಡಿಸಿ, ಮಧ್ಯಾಹ್ನದ ಊಟ ತಟ್ಟೆಯಲ್ಲಿ ಮುಚ್ಚಿಟ್ಟು, ಎದುರು ಮನೆಯವರಿಗೆ ಒಂದು ಕಣ್ಣಿಡಲು ಹೇಳಿ, ಏಳು ಗಂಟೆಯ ಬಸ್ಸು ಹಿಡಿದು ಸಿರವಾರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುತ್ತಿದ್ದೆ. ಮೊದಲ ವಾರದಲ್ಲೇ ಬಸ್ಸಿನ ಕಿಟಕಿಗೆ ತಲೆ ತಾಗಿಸಿ ನಿದ್ದೆ ಮಾಡುವುದು ರೂಢಿಯಾಯಿತು.

ದನದ ಸಂತೆ ಅಲ್ಲಿಂದ ಎದ್ದು ಊರ ಹೊರಗೆ ಹೋಗಿ ಮೂರು ವರ್ಷವಾಗಿತ್ತು. ಉಳಿದದ್ದೆಂದರೆ ಸಾಲು ಬೇವಿನ ಮರ, ಬಿರುಕು ಬಿಟ್ಟ ನೀರಿನ ತೊಟ್ಟಿ, ಹಗ್ಗದ ತಿಕ್ಕಾಟಕ್ಕೆ ಸವೆದು ಸೊಂಟ ಸಣ್ಣಗಾದ ಕಲ್ಲುಗೂಟಗಳು. ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟುವುದೆಂದು ಜೆಸಿಬಿ ತಂದು ಪಾಯ ತೋಡಿದಾಗ ಕೆಳಗೆ ಆಳುದ್ದ ಬೂದಿ ಬಂತು. ಬಿಳಿ, ಕಂದು, ಕಪ್ಪು ಬೂದಿ ಪದರ ಪದರವಾಗಿ ಹೋಳಿಗೆ ಪೇರಿಸಿದ ಹಾಗೆ. ನಡುವೆ ಒಂದು ದೊಡ್ಡ ಮಡಕೆಯ ಹೊಟ್ಟೆ. ಊರಲ್ಲಿ ನಿಧಿಯ ಸುದ್ದಿ ಹಬ್ಬಿತು. ಕೆಲಸ ನಿಂತಿತು. ಮಳೆಗಾಲದೊಳಗೆ ನೋಡುವುದನ್ನೆಲ್ಲ ನೋಡಿ ಜಾಗ ಬಿಟ್ಟುಕೊಡಬೇಕು ಎಂಬ ಕರಾರಿನ ಮೇಲೆ ಉತ್ಖನನಕ್ಕೆ ಒಪ್ಪಿಗೆ ಸಿಕ್ಕಿತ್ತು.

ಅಧಿಕಾರಿಯಾಗಿ ಬಂದವಳು ಮೈಸೂರು ಕಡೆಯ ಹುಡುಗಿ. ಮೂವತ್ತು ದಾಟಿರಲಿಲ್ಲ. ಬಿಸಿಲಿಗೆ ಮುಖ ಸುಲಿದು ಮೂಗಿನ ತುದಿ ಕೆಂಪಾಗಿತ್ತು. ಬೂದಿ ಏನೆಂದು ಮೊದಲ ದಿನವೇ ನನಗೆ ಹೇಳಿದಳು.

"ಇದು ಸಗಣಿ ಬೂದಿ ಮೇಡಂ. ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿ ದನ ಕೂಡಿಹಾಕುತ್ತಿದ್ದರು. ಸಗಣಿ ಗುಡ್ಡೆ ಆದಾಗ ಸುಡುತ್ತಿದ್ದರು. ಮತ್ತೆ ಗುಡ್ಡೆ, ಮತ್ತೆ ಬೆಂಕಿ. ಈ ಜಿಲ್ಲೆಯಲ್ಲಿ ಇಂಥ ಬೂದಿದಿಬ್ಬಗಳು ಬೇಕಾದಷ್ಟಿವೆ. ಆದರೆ ದನದ ಸಂತೆಯ ಕೆಳಗೇ ಸಿಕ್ಕಿದ್ದು ನಾನು ಎಲ್ಲೂ ಕೇಳಿಲ್ಲ."

ಮೊದಲು ಮೇಲಿನ ಮಣ್ಣು ತೆಗೆಯಬೇಕಿತ್ತು. ಅದು ಸಂತೆಯ ಮಣ್ಣು. ಗೆಜ್ಜೆ, ಮೂಗುದಾರದ ಉಂಗುರ, ಬಳೆ ಚೂರು, ಎಲ್ಲಕ್ಕಿಂತ ಹೆಚ್ಚಾಗಿ ಲಾಳದ ತಗಡು ಮತ್ತು ಮೊಳೆಗಳು. ದಿನಕ್ಕೆ ಒಂದು ಬಕೆಟ್ಟು ತುಂಬುವಷ್ಟು. ಅಧಿಕಾರಿ ಅದನ್ನೆಲ್ಲ ಬೇಲಿಯ ಹತ್ತಿರ ಸುರಿಸಿದಳು. ಮೂರನೆಯ ದಿನ ಬೇಲಿಯಾಚೆ ಒಬ್ಬ ಮುದುಕರು ಕುಕ್ಕರುಗಾಲಲ್ಲಿ ಕೂತು ಆ ಗುಡ್ಡೆಯಿಂದ ಒಂದೊಂದೇ ಮೊಳೆ ಎತ್ತಿ ನೋಡುತ್ತಿದ್ದರು. ಬಿಳಿ ಗಡ್ಡ, ಕಟ್ಟು ಸಡಿಲಾದ ಲುಂಗಿ, ಬಲ ಭುಜ ಎಡಕ್ಕಿಂತ ಒಂದು ಗೇಣು ಕೆಳಗೆ.

"ಚಾಚಾ, ಅದನ್ನ ಮುಟ್ಟಬ್ಯಾಡ್ರಿ, ಸರಕಾರದ್ದು," ಅಂದೆ.

"ಇದು ಸರಕಾರದ್ದಲ್ರೀ ಅಕ್ಕೋರ, ನಂದು," ಅಂದರು ಅವರು, ಮೊಳೆ ತೋರಿಸುತ್ತ. "ತಲಿ ನೋಡ್ರಿ, ಒಂದು ಬದಿ ಸವರಿ ಬಡದೀನಿ. ಇಡೀ ತಾಲ್ಲೂಕಿನಾಗ ಹಿಂಗ ಬಡಿಯಾಂವ ನಾ ಒಬ್ಬನೇ. ಈ ದಪ್ಪ ತಲಿದು ನಮ್ಮಪ್ಪಂದು."

ಅವರು ನಾಲಬಂದ. ಎತ್ತುಗಳ ಗೊರಸಿಗೆ ಲಾಳ ಬಡಿಯುವವರಿಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಮೂರನೆಯ ಬೇವಿನ ಮರದ ಕೆಳಗೆ ಅವರ ಅಪ್ಪ ಕೂತಿದ್ದರು, ಆಮೇಲೆ ಇವರು ನಲವತ್ತು ವರ್ಷ ಕೂತರು. ಟ್ರಾಕ್ಟರು ಬಂದು ಎತ್ತು ಕಡಿಮೆಯಾದವು. ಸಂತೆ ಊರ ಹೊರಗೆ ಹೋದ ವರ್ಷವೇ ಭುಜವೂ ಕೈಕೊಟ್ಟಿತು. ಈಗ ಮಗಳ ಮನೆಯಲ್ಲಿ ಇದ್ದರು. ಮಾಡಲು ಏನೂ ಇರಲಿಲ್ಲ. ಮರುದಿನವೂ ಬಂದರು, ಅದರ ಮರುದಿನವೂ. ಒಂದು ವಾರದ ಮೇಲೆ ಅಧಿಕಾರಿ, "ಬಿಸಿಲಲ್ಲಿ ಯಾಕೆ ಕೂರ್ತೀರಿ, ಒಳಗೆ ಬನ್ನಿ ತಾತ," ಎಂದು ಕರೆದು ನನ್ನ ಪಕ್ಕದ ಶೆಡ್ಡಿನಲ್ಲಿ ಕೂರಿಸಿದಳು. ಅವರು ಮೊಳೆಗಳನ್ನು ಅಪ್ಪನವು, ತಮ್ಮವು, ಯಾರದೋ ಎಂದು ಮೂರು ಗುಡ್ಡೆ ಮಾಡುತ್ತಿದ್ದರು. ನಾನು ಮಡಕೆ ಚೂರುಗಳ ಅಂಚು ಅಳೆದು ಬರೆಯುತ್ತಿದ್ದೆ. ಇಬ್ಬರಿಗೂ ಮಾತಾಡುವ ಉತ್ಸಾಹ ಇರಲಿಲ್ಲ. ಅದೇ ನಮ್ಮ ಸ್ನೇಹ.

ಬೂದಿಯ ನಡುವೆ ದನದ ಎಲುಬುಗಳೂ ಬಂದವು. ಅವನ್ನೂ ಬರೆದೆ. ಮನೆಗೆ ಹೋದರೆ ಸ್ನಾನ ಮಾಡದೆ ಒಲೆ ಮುಟ್ಟುವಂತಿರಲಿಲ್ಲ. ಗಂಡ ಮಾಡು ಎಂದು ಹೇಳುತ್ತಿರಲಿಲ್ಲ, ನನಗೇ ಮನಸ್ಸು ಒಪ್ಪುತ್ತಿರಲಿಲ್ಲ. ಇಡೀ ದಿನ ಬಿಸಿಲು ತಿಂದು ಬಂದು, ಕೊಡ ನೀರು ಸುರಿದುಕೊಂಡು, ಒದ್ದೆ ಕೂದಲಲ್ಲೇ ರೊಟ್ಟಿ ತಟ್ಟುವಾಗ ಎಷ್ಟೋ ಸಲ ಹಿಟ್ಟಿನ ಮೇಲೆ ಕೈಯಿಟ್ಟು ಹಾಗೇ ನಿಂತುಬಿಡುತ್ತಿದ್ದೆ.

ಹೆಜ್ಜೆಗಳನ್ನು ಮೊದಲು ಕಂಡವಳು ಕೂಲಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳು. ನಾಯಕರ ಓಣಿಯವಳು, ಗಟ್ಟಿ ದನಿ. ಬೂದಿಯೆಲ್ಲ ತೆಗೆದ ಮೇಲೆ ಕೆಳಗೆ ಗಟ್ಟಿ ನೆಲ ಸಿಕ್ಕಿತ್ತು. ಅವಳು ಬ್ರಷ್ಷಿನಿಂದ ಗುಡಿಸುತ್ತಿದ್ದವಳು ಒಮ್ಮೆಲೇ ಕೂಗಿದಳು.

"ಮೇಡಮ್ಮಾರೇ, ಇಲ್ಲಿ ದನ ತುಳದಾವ ನೋಡ್ರಿ!"

"ಸಂತೆ ದನ ಇಷ್ಟು ಆಳಕ್ಕೆ ಹೇಗೆ ತುಳಿಯುತ್ತೆ?" ಎನ್ನುತ್ತ ಅಧಿಕಾರಿ ಗುಂಡಿಗೆ ಇಳಿದಳು. ಇಳಿದವಳು ಮೇಲೇಳಲಿಲ್ಲ. ಬೂದಿಯಲ್ಲೇ ಕೂತುಬಿಟ್ಟಳು. ನಾನು ಹೋಗಿ ನೋಡಿದೆ. ಕೆಂಪಗೆ ಬೆಂದ ಮಣ್ಣಿನ ನೆಲ. ಅದರ ತುಂಬ ಸೀಳು ಗೊರಸಿನ ಗುರುತು. ಹಸಿ ಮಣ್ಣಿನಲ್ಲಿ ದನ ಓಡಾಡಿವೆ, ಒಣಗಿದೆ, ಮೇಲೆ ಸಗಣಿಗೆ ಬೆಂಕಿ ಬಿದ್ದಾಗ ಇಟ್ಟಿಗೆಯ ಹಾಗೆ ಸುಟ್ಟು ಗಟ್ಟಿಯಾಗಿದೆ. ಅಂಚಿನಲ್ಲಿ ಸಾಲಾಗಿ ಗೂಟ ನೆಟ್ಟ ಕುಣಿಗಳು. ನಿನ್ನೆ ಸಂಜೆ ಮಳೆ ಬಂದು ಬೆಳಿಗ್ಗೆ ದನ ಬಿಟ್ಟುಕೊಂಡು ಹೋದ ಕೊಟ್ಟಿಗೆಯಂತಿತ್ತು.

ಹುಡುಗಿ ಅಳುತ್ತಿದ್ದಳು. ಮೂಗು ಒರೆಸಿಕೊಂಡು, "ಮೇಡಂ, ಇದನ್ನೆಲ್ಲ ಅಳತೆಗೆ ಸರಿಯಾಗಿ ಬರೀಬೇಕು. ಒಂದೂ ಬಿಡೋ ಹಾಗಿಲ್ಲ," ಅಂದಳು. ನನಗೆ ಮೊದಲು ನೆನಪಾದದ್ದು ನನ್ನ ನೋಯುವ ಮಂಡಿ.

ನೆಲ ಮುಟ್ಟುವಂತಿರಲಿಲ್ಲ. ಗುಂಡಿಯ ಮೇಲೆ ಅಡ್ಡ ಹಲಗೆ ಹಾಕಿ, ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕೆಳಗೆ ಪಾರದರ್ಶಕ ಹಾಳೆ ಹಾಸಿ ಒಂದೊಂದೇ ಹೆಜ್ಜೆಯ ಅಂಚು ಎಳೆಯಬೇಕು. ನೂರರ ಮೇಲೆ ಇದ್ದವು. ಮೇಲೆ ತಾಡಪತ್ರಿ ಕಟ್ಟಿದ್ದರೂ ಕೆಳಗಿನಿಂದ ನೆಲದ ಕಾವು ಮುಖಕ್ಕೆ ಬಡಿಯುತ್ತಿತ್ತು. ಬೆವರು ಹಾಳೆಯ ಮೇಲೆ ಬಿದ್ದರೆ ಗೆರೆ ಹರಡುತ್ತಿತ್ತು. ಹಣೆಗೆ ಟವೆಲು ಕಟ್ಟಿಕೊಂಡೆ. ಕೂಲಿ ಹೆಣ್ಣುಮಕ್ಕಳು ನೋಡಿ ನಕ್ಕರು. ಎರಡನೆಯ ದಿನ ಚಾಚಾ ಬಂದು ಪಕ್ಕದ ಹಲಗೆಯ ಮೇಲೆ ಅಧಿಕಾರಿಯ ಅಪ್ಪಣೆಯನ್ನೂ ಕೇಳದೆ ಮಲಗಿದರು.

"ಅಕ್ಕೋರ, ಇವು ಎಷ್ಟು ದನ ಅಂತ ತಿಳದೀರಿ?"

"ನನಗೇನು ಗೊತ್ತಾಗ್ತದ ಚಾಚಾ. ನಾ ಬರೇ ಗೆರಿ ಎಳಿಯಾಕಿ."

"ಈ ಬದಿಗಿ ಆರು ಅವ. ಇದು ಹೋರಿ. ಮುಂಗಾಲು ನೋಡ್ರಿ, ಎದಿ ಭಾರ ಎಲ್ಲಾ ಮುಂದ ಬಿದ್ದದ. ಇದು ಆಕಳ, ಗಬ್ಬ ಇತ್ತು. ಹಿಂಗಾಲು ಅಗಲಿಸಿ ಇಟ್ಟದ. ಈ ಸಣ್ಣವು ಕರದ್ದು. ತಾಯಿ ಹೊಟ್ಟಿಗಿ ಹತ್ತಿಕೊಂಡೇ ಓಡ್ಯಾದ."

ಅಧಿಕಾರಿ ಮೇಲಿನಿಂದ ಕೇಳಿಸಿಕೊಳ್ಳುತ್ತಿದ್ದಳು. "ತಾತ, ನಿಮಗೆ ಅದೆಲ್ಲ ಹೇಗೆ ಗೊತ್ತಾಗುತ್ತೆ?"

"ನಲವತ್ತು ವರ್ಷ ದನದ ಕಾಲೇ ನೋಡೀನಿ ಬೇಟಿ. ಮಾರಿ ನೋಡಿದ್ದು ಕಡಿಮಿ."

ಅವಳು ನಂಬಲಿಲ್ಲ. ನಂಬದಿರುವುದೇ ಅವಳ ಕೆಲಸ. ಮರುದಿನ ಅವರನ್ನು ಗುಂಡಿಯ ಇನ್ನೊಂದು ದಿಕ್ಕಿನಿಂದ ಕರೆತಂದು, ಉಳಿದ ಹೆಜ್ಜೆಗಳ ಮೇಲೆ ಪೇಪರು ಮುಚ್ಚಿ ನಡುವಿನ ಒಂದೆರಡನ್ನು ಮಾತ್ರ ತೋರಿಸಿ ಕೇಳಿದಳು. ಚಾಚಾ ನಿನ್ನೆ ಹೇಳಿದ್ದನ್ನೇ ಹೇಳಿದರು. ಮತ್ತೆ ಬೇರೆ ಕಡೆ ಮುಚ್ಚಿ ಕೇಳಿದಳು. ಅದೂ ಸರಿಬಂತು. ಆಮೇಲೆ ಅವಳು ನೋಟ್‌ಬುಕ್ಕು ತೆಗೆದು ಬರೆದುಕೊಳ್ಳತೊಡಗಿದಳು. ನನಗೂ ಪ್ರತಿ ಹೆಜ್ಜೆಯ ಪಕ್ಕ ಅವರು ಹೇಳಿದ್ದನ್ನು ಪೆನ್ಸಿಲಿನಲ್ಲಿ ಬರೆದಿಡಲು ಹೇಳಿದಳು.

ಗೂಟದ ಕುಣಿಗಳ ಪಕ್ಕಕ್ಕೆ ಬಂದಾಗ ಚಾಚಾ ಹಲಗೆಯಿಂದ ಇನ್ನಷ್ಟು ಬಗ್ಗಿದರು. ಅಲ್ಲಿ ಒಂದೇ ದನದ ಹೆಜ್ಜೆ ಆ ಹಳೆಯ ಗೂಟದ ಬೇಲಿಯುದ್ದಕ್ಕೂ ಹೋಗಿ, ತಿರುಗಿ, ಮತ್ತೆ ಬಂದಿತ್ತು. ಮೂರು ಗೊರಸು ನೆಟ್ಟಗೆ ಊರಿದ್ದವು. ನಾಲ್ಕನೆಯದರ ತುದಿ ಮಾತ್ರ ಊರಿ, ಹಿಂದೆ ಗೆರೆ ಎಳೆದಿತ್ತು.

"ಇದು ಕುಂಟ," ಅಂದರು. "ಬಲ ಹಿಂಗಾಲು. ಗೊರಸಿನಾಗ ಕೀವು ತುಂಬಿತ್ತು ಇದಕ್ಕ. ನೋವಿಗಿ ಒಂದು ಕಡಿ ನಿಂದ್ರಾಕ ಆಗವಲ್ದು, ಅದಕ್ಕ ತಿರಗ್ಯಾದ."

ಆ ಹೆಜ್ಜೆಗಳನ್ನು ಬರೆಯಲು ನನಗೆ ಎರಡು ದಿನ ಬೇಕಾಯಿತು. ಒಂದು ಗೊರಸು, ಒಂದು ಗೆರೆ. ಒಂದು ಗೊರಸು, ಒಂದು ಗೆರೆ. ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಬೆಳಿಗ್ಗೆ ಒಂದು ಎಳೆದ ಕಾಲಿನ ಗೆರೆಯನ್ನು ಗುಡಿಸಿ, ಎರಡು ಬಸ್ಸು ಹತ್ತಿ ಇಷ್ಟು ದೂರ ಬಂದರೆ ಇಲ್ಲೂ ಅದೇ. ನಾಲ್ಕು ಸಾವಿರ ವರ್ಷದ ಕೆಳಗೂ ಅದೇ ಕಾಲು. ಪೆನ್ನು ಬಿಸಾಕಿ ಎದ್ದು ಹೋಗಬೇಕೆನಿಸಿತು. ಎದ್ದೇಳಲು ಯಾರಾದರೂ ಕೈ ಕೊಡಬೇಕಿತ್ತು, ಹಾಗಾಗಿ ಬರೆಯುತ್ತಲೇ ಇದ್ದೆ.

ಕುಂಟು ಹೆಜ್ಜೆ ಕಂಡ ದಿನ ಮಧ್ಯಾಹ್ನ ಬೇವಿನ ಕೆಳಗೆ ಬುತ್ತಿ ಬಿಚ್ಚಿದಾಗ ಚಾಚಾ ಊಟ ಮಾಡಲಿಲ್ಲ. ರೊಟ್ಟಿಯನ್ನು ಮಡಚಿ ಹಾಗೇ ಕೈಯಲ್ಲಿ ಹಿಡಿದು ಕೂತಿದ್ದರು. ಆಮೇಲೆ ನನಗೊಂದು ವಿಷಯ ಹೇಳಿದರು.

"ಬೇಕಂತ ಮಾಡಿದ್ದಲ್ರೀ ಅಕ್ಕೋರ. ಗಬ್ಬೂರು ಕಡಿಯಾಂವ ಒಬ್ಬ ಒಕ್ಕಲಿಗ, ಜ್ವಾಡಿ ಎತ್ತು ತಂದಿದ್ದ. ಸಂತಿ ದಿನ, ಗದ್ದಲ. ಒಂದು ಮೊಳಿ ಬಡಿಯಾಗ ಕೈಗಿ ತಿಳೀತು. ಗೊರಸಿನಾಗ ಹೋಗೋ ಮೊಳಿ ಸಪ್ಪಳಾನೇ ಬ್ಯಾರೆ, ಜೀವಕ್ಕ ಹತ್ತಿದ ಮೊಳಿ ಸಪ್ಪಳಾನೇ ಬ್ಯಾರೆ. ಎತ್ತು ಒದ್ದಾಡ್ತು. ಅವಾಗೇ ಕೀಳಬೇಕಿತ್ತು. ಹಿಂದ ಇನ್ನ ಎಂಟು ಎತ್ತು ಕಾಯಾಕತ್ತಿದ್ವು. ಕೀಳಲಿಲ್ಲ. ಹಗ್ಗ ಬಿಚ್ಚಿ ಕಳಿಸಿದೆ."

"ಆಮ್ಯಾಲೆ?"

"ಎರಡು ವಾರಕ್ಕ ಬಂದ. ಎತ್ತು ಹಿಂಗೇ, ತುದಿ ಊರಿ ಎಳಕೋತ ಬಂತು. ಬೈತಾನ, ಹೊಡೀತಾನ ಅಂತ ನಾ ಎದ್ದು ನಿಂತೆ. ಒಂದು ಮಾತೂ ಆಡಲಿಲ್ಲ. ನನ್ನ ಮುಂದೇ ಅದನ್ನ ಹೊಡಕೊಂಡು ಹೋಗಿ ಮಾರಿದ. ಕುಂಟೆತ್ತು ಯಾರು ತಗೋತಾರ, ನಿಮಗ ಗೊತ್ತದ. ಬೈದಿದ್ರ ಛಲೋ ಇತ್ರೀ."

"ರೊಟ್ಟಿ ತಿನ್ರಿ ಚಾಚಾ," ಅಂದೆ ಅಷ್ಟೆ. ಅವರು ಒಂದು ತುತ್ತು ಮುರಿದರು.

"ಇದನ್ನ ಯಾರರೇ ನನ್ನ ಕಡಿ ತಂದಿದ್ರ," ಎಂದು ಗುಂಡಿಯ ಕಡೆ ಗಲ್ಲ ತೋರಿಸಿದರು, "ಕೀವು ಕೆತ್ತಿ ತಗದು ಬೇವಿನೆಣ್ಣಿ ಹಾಕಿ ಬಿಡ್ತಿದ್ದೆ. ಎಂಟು ದಿನದಾಗ ನಡೀತಿತ್ತು."

ಮಳೆಗಾಲ ಹತ್ತಿರ ಬರುತ್ತಿತ್ತು. ಅಧಿಕಾರಿ ಇನ್ನೊಂದು ತಿಂಗಳು ಕೇಳಿ ಪತ್ರ ಬರೆದಿದ್ದಳು. ಹತ್ತು ದಿನ ಕೊಟ್ಟರು. ಇಡೀ ನೆಲ ಎತ್ತಲು ಸಾಧ್ಯವಿಲ್ಲ, ಒಂದು ತುಂಡನ್ನು ಮಾತ್ರ ಪ್ಲಾಸ್ಟರು ಹಾಕಿ ಕತ್ತರಿಸಿ ರಾಯಚೂರಿಗೆ ಒಯ್ಯುವುದು, ಉಳಿದದ್ದನ್ನು ಮರಳು ತುಂಬಿ ಮುಚ್ಚುವುದು ಎಂದು ನಿರ್ಧಾರವಾಯಿತು. ಯಾವ ತುಂಡು ಎಂಬುದರ ಬಗ್ಗೆ ಹೆಚ್ಚು ಚರ್ಚೆಯಾಗಲಿಲ್ಲ. ಕುಂಟು ದನದ ಮೂರು ಹೆಜ್ಜೆ ಮತ್ತು ಒಂದು ಗೆರೆ ಇದ್ದ ತುಂಡು.

ತುಂಡು ಕತ್ತರಿಸುವ ಮುಂಚೆಯೇ ಒಂದು ಸಂಜೆ ನಾಲ್ಕು ಗಂಟೆಗೆ ಪಶ್ಚಿಮದಲ್ಲಿ ಕೆಂಧೂಳು ಎದ್ದಿತು. ನಾನು ಚೀಲ ಕಟ್ಟಿ ಬಸ್ಸಿಗೆ ಹೊರಟಿದ್ದೆ. ಗಾಳಿ ಬಂದು ತಾಡಪತ್ರಿಯ ಒಂದು ಮೂಲೆ ಕಿತ್ತು ಪಟಪಟ ಬಡಿಯತೊಡಗಿತು. ಕೂಲಿಯವರು ಮನೆಗೆ ಹೋಗಿಬಿಟ್ಟಿದ್ದರು, ಆ ಗಟ್ಟಿ ದನಿಯ ಹೆಣ್ಣುಮಗಳು ಒಬ್ಬಳೇ ಇದ್ದಳು. ಅವಳು, ಅಧಿಕಾರಿ, ಚಾಚಾ, ನಾನು ಒಂದೊಂದು ಮೂಲೆ ಹಿಡಿದೆವು. ಚಾಚಾ ತಮ್ಮ ಕೆಟ್ಟ ಭುಜಕ್ಕೇ ಹಗ್ಗ ಸುತ್ತಿಕೊಂಡು ಕಲ್ಲುಗೂಟಕ್ಕೆ ಬೆನ್ನು ಕೊಟ್ಟು ನಿಂತರು. ಆಣೆಕಲ್ಲು ಮಳೆ ಬಿತ್ತು. ನೀರು ಎಲ್ಲಿಂದಲೋ ಬಂದು ಗುಂಡಿಯ ಒಂದು ಬದಿಯನ್ನು ಕೊರೆಯಿತು. ಅಧಿಕಾರಿ ತನ್ನ ಮೂಲೆಯನ್ನು ಗೂಟಕ್ಕೆ ಬಿಗಿದು ಪುಟ್ಟಿ ಪುಟ್ಟಿ ಮಣ್ಣು ಸುರಿದು ಒಡ್ಡು ಕಟ್ಟಿದಳು. ಮುಕ್ಕಾಲು ತಾಸಿನ ಮೇಲೆ ಮಳೆ ನಿಂತಾಗ ನಮ್ಮ ಯಾರ ಕೈಯೂ ನಮ್ಮ ಮಾತು ಕೇಳುತ್ತಿರಲಿಲ್ಲ. ಹೋರಿಯ ಹೆಜ್ಜೆಗಳಿದ್ದ ಮೂಲೆ ಕುಸಿದು ಹೋಗಿತ್ತು. ಗೂಟದ ಬೇಲಿಯ ಕಡೆಯ ಕುಂಟು ಹೆಜ್ಜೆ ಉಳಿದಿತ್ತು.

ನನ್ನ ಬಸ್ಸು ಹೋಗಿತ್ತು. ಫೋನಿನೊಳಗೆ ನೀರು ಹೊಕ್ಕು ಸತ್ತಿತ್ತು. ಮುಂದಿನ ಬಸ್ಸು ಹಿಡಿದು ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಬಾಗಿಲಲ್ಲಿ ಎದುರು ಮನೆಯಾಕೆ ನಿಂತಿದ್ದಳು. ಗಂಡ ನಾನು ಬರಲಿಲ್ಲವೆಂದು ತಾವೇ ಚಹಾಕ್ಕಿಡಲು ಅಡುಗೆಮನೆಗೆ ಹೋಗಿ ಹೊಸ್ತಿಲಲ್ಲಿ ಬಿದ್ದಿದ್ದರು. ಆಕೆ ಬಂದು ನೋಡುವವರೆಗೆ ಹಾಗೇ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರಂತೆ. ಮೊಣಕೈ ತರಚಿತ್ತು, ಮೂಳೆಗೆ ಏನೂ ಆಗಿರಲಿಲ್ಲ.

"ಒದರಬೇಕಿಲ್ಲೇನ್ರೀ? ಎದುರು ಮನಿಯವರಿಗೆ ಕೇಳಸ್ತಿರಲಿಲ್ಲೇನು?" ಎಂದು ನಾನು ಕಿರುಚಿದೆ. ಅವರು ನನ್ನ ಒದ್ದೆ ಸೀರೆ, ಕೆಸರು ಮೆತ್ತಿದ ಕೂದಲು ನೋಡುತ್ತಿದ್ದರು.

"ನೀ ಎಲ್ಲರೇ ಬಿದ್ದಿದ್ದೀ ಏನು?" ಎಂದು ಕೇಳಿದರು.

ನಾನು ಸ್ನಾನ ಮಾಡಲಿಲ್ಲ. ಎದುರು ಮನೆಯಾಕೆ ಕೊಟ್ಟ ಅನ್ನವನ್ನು ಅವರಿಗೆ ಉಣಿಸಿ, ನಾನು ಉಣ್ಣದೆ ಅವರ ಪಕ್ಕದ ನೆಲದಲ್ಲೇ ಮಲಗಿಬಿಟ್ಟೆ. ಆಮೇಲೆ ನಾಲ್ಕು ದಿನ ದೇವದುರ್ಗಕ್ಕೆ ಹೋಗಲಿಲ್ಲ. ರಿಪೇರಿಯಾಗಿ ಬಂದ ಫೋನಿನಲ್ಲಿ ಅಧಿಕಾರಿಯ ಕರೆಗಳು ಬರುತ್ತಿದ್ದವು, ನಾನು ಎತ್ತಲಿಲ್ಲ. ಐದನೆಯ ದಿನ ಗಂಡನೇ ಎತ್ತಿ, "ನಾಳಿಗಿ ಬರ್ತಾಳ," ಎಂದು ಹೇಳಿ ಇಟ್ಟರು.

ನಾನು ಹೋಗುವಷ್ಟರಲ್ಲಿ ತುಂಡನ್ನು ಕತ್ತರಿಸಿ ಮರದ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಇಟ್ಟಿದ್ದರು. ಪಿಕಪ್ ಗಾಡಿಯಲ್ಲಿ ರಾಯಚೂರಿಗೆ ಒಯ್ಯುವಾಗ ಹಿಂದೆ ಯಾರಾದರೂ ಕೂರಬೇಕಿತ್ತು. ಚಾಚಾ ಯಾರ ಮಾತೂ ಕೇಳದೆ ಹತ್ತಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತರು. ನಾನು ಹಾಳೆಗಳ ಸುರುಳಿ ಹಿಡಿದು ಮುಂದೆ ಕೂತೆ. ರಸ್ತೆಯುದ್ದಕ್ಕೂ ಅವರು ಹಿಂದಿನ ಗಾಜು ಬಡಿಯುತ್ತಲೇ ಇದ್ದರು, "ಸಾವಕಾಶ, ಸಾವಕಾಶ ಬೇಟಾ." ಡ್ರೈವರ್ ಪಾಪ ಸಾವಕಾಶವೇ ಹೋದ. ಆದರೂ ಕಲ್ಮಲ ದಾಟಿದ ಮೇಲೆ ಬಣ್ಣ ಬಳಿಯದ ಒಂದು ರೋಡ್ ಹಂಪ್ ಮೇಲೆ ಗಾಡಿ ಎಗರಿತು. ಏನೋ ಒಳಗೆ ಟಕ್ ಅಂದದ್ದು ನನಗೂ ಕೇಳಿಸಿತು. ರಾಯಚೂರಿನ ಗೋದಾಮಿನಲ್ಲಿ ಮುಚ್ಚಳ ತೆಗೆದಾಗ ನಡುವಿನ ಹೆಜ್ಜೆಯ ಮೇಲೆ ಕೂದಲೆಳೆಯಷ್ಟು ಬಿರುಕು ಬಿದ್ದಿತ್ತು. ಗೋದಾಮಿನವರು, ಇದು ಏನೂ ಅಲ್ಲ, ಅಂಟು ಹಾಕಿದರೆ ಸರಿಹೋಗುತ್ತದೆ ಎಂದರು. ಚಾಚಾ ಬಿರುಕಿನ ಮೇಲೆ ಬೆರಳಾಡಿಸಿ ಮುಖ ತಿರುಗಿಸಿದರು. ವಾಪಸು ಹೋಗಲು ಇಬ್ಬರೂ ಬಸ್ಸು ಹತ್ತಿದೆವು. ಕಲ್ಮಲದವರೆಗೂ ನಿಂತೇ ಹೋದೆವು, ಆಮೇಲೆ ಸೀಟು ಸಿಕ್ಕಿತು.

ಉಳಿದದ್ದು ಮಸಿ ಹಾಕುವ ಕೆಲಸ. ಗುಂಡಿಯಲ್ಲಿ ಎಳೆದ ಹಾಳೆಗಳನ್ನೆಲ್ಲ ಮನೆಯಲ್ಲೇ ಕೂತು ತಿದ್ದಬೇಕಿತ್ತು. ಹಾಳೆಗಳು ಪಡಸಾಲೆಯಷ್ಟು ದೊಡ್ಡವು. ಫ್ಯಾನು ಹಾಕಿದರೆ ಹಾರುತ್ತಿದ್ದವು, ಹಾಕದಿದ್ದರೆ ಬೆವರು. ಗಂಡ ಮಂಚದಿಂದ ನೋಡಿ ನೋಡಿ, ಒಂದು ದಿನ ನೆಲಕ್ಕಿಳಿದು ಕೂತು ಎಡಗೈಯಿಂದ ಅಂಚು ಒತ್ತಿ ಹಿಡಿದರು. ನಾನು ಬೇಡ ಅನ್ನಲಿಲ್ಲ. ಹೀಗೆ ಹತ್ತಾರು ದಿನ ನಡೆಯಿತು. ಬೇಲಿಯ ಬದಿಯ ಹಾಳೆ ಬಂದಾಗ ಅದನ್ನು ಬೇಗ ಮುಗಿಸಿ ಸುತ್ತಿಡಬೇಕೆಂದು ನಾನು ಆತುರ ಮಾಡಿದೆ. ಅವರು ಚಾಚಾ ಹೇಳಿದ ಮಾತುಗಳನ್ನು, ಅಂಚಿನಲ್ಲಿ ನಾನು ಬರೆದಿದ್ದನ್ನು, ಒಂದೊಂದೇ ಓದುತ್ತಿದ್ದರು.

"ಬಲ ಹಿಂಗಾಲು ಎಳೆದಿದೆ," ಎಂದು ಗಟ್ಟಿಯಾಗಿ ಓದಿದರು. "ನನ್ಹಂಗ."

ನಾನು ಪೆನ್ನು ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಇದನ್ನ ಬರೀಯಾಗ ನಿನಗ ಏನನಿಸ್ತು?"

ಸುಳ್ಳು ಹೇಳಬಹುದಿತ್ತು. ಅದಕ್ಕೂ ಶ್ರಮ ಬೇಕು. "ಸಿಟ್ಟು ಬಂತ್ರೀ," ಅಂದೆ.

ಅವರು ಆ ಗೆರೆ ನೋಡಿದರು. "ಬರ್ಲಾರದೇ ಏನು ಮಾಡ್ತದ," ಅಂದರು. "ನನಗೂ ದಿನಾ ಬರ್ತದ." ಆಮೇಲೆ ಹಾಳೆಯನ್ನು ಸ್ವಲ್ಪ ತಮ್ಮ ಕಡೆ ಎಳೆದು, ಮಸಿ ಹರಡದ ಹಾಗೆ ಇನ್ನೊಂದು ಅಂಚು ಹಿಡಿದರು. ಎರಡು ವರ್ಷದಲ್ಲಿ ಆ ವಿಷಯವಾಗಿ ನಾವಾಡಿದ ಮಾತು ಅಷ್ಟೇ. ಆ ದಿನ ನಾಲ್ಕು ಹಾಳೆ ಮುಗಿಸಿದೆವು.

ವರದಿ ಬಂದದ್ದು ಮರುವರ್ಷ. ಅಷ್ಟರಲ್ಲಿ ಅಧಿಕಾರಿ ವರ್ಗವಾಗಿ ಹೋಗಿ, ಮತ್ತೆ ಇದೇ ಕಡೆಗೆ ಮರಳಿ ಬಂದಿದ್ದಳು. ನನ್ನ ಚಿತ್ರಗಳನ್ನು ಅಂಗೈಯಗಲಕ್ಕೆ ಕುಗ್ಗಿಸಿ ಹಾಕಿದ್ದರು. ಗೆರೆಗಳು ಇರುವೆಯ ಕಾಲಿನಂತೆ ಕಾಣುತ್ತಿದ್ದವು. ಹೆಜ್ಜೆಗಳ ಗುರುತು ಹಿಡಿಯುವಲ್ಲಿ ಸ್ಥಳೀಯ ನಾಲಬಂದರೊಬ್ಬರ ಅನುಭವ ನೆರವಾಯಿತು ಎಂದು ಒಂದು ಸಾಲಿತ್ತು. ಚಾಚಾಗೆ ಉರ್ದು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ನಾನು ದೇವದುರ್ಗಕ್ಕೆ ಹೋಗಿ ಅವರ ಮಗಳ ಮನೆಯ ಕಟ್ಟೆಯ ಮೇಲೆ ಕೂತು ಓದಿ ಹೇಳಿದೆ. ಅವರು ಆ ಸಾಲನ್ನು ಮೂರು ಸಲ ಓದಿಸಿದರು. ಮಗಳನ್ನು ಕರೆದು ಕೇಳಿಸಿದರು. ಆಮೇಲೆ, "ಹೋರಿ ಮೂಲಿ ಹೋದದ್ದು ಬರದಾರೇನು?" ಎಂದು ವಿಚಾರಿಸಿದರು. ಬರೆದಿದ್ದಾರೆ ಎಂದೆ. ತಲೆಯಾಡಿಸಿದರು.

ಸಂತೆಯ ಜಾಗದಲ್ಲಿ ಹಾಸ್ಟೆಲ್ ಎದ್ದಿತ್ತು. ಬೇವಿನ ಮರಗಳಲ್ಲಿ ಎರಡನ್ನು ಉಳಿಸಿದ್ದರು. ಹೆಣ್ಣುಮಕ್ಕಳು ಮರದಿಂದ ಮರಕ್ಕೆ ಹಗ್ಗ ಕಟ್ಟಿ ಯೂನಿಫಾರ್ಮು ಒಣಹಾಕಿದ್ದರು. ನಾನು ರಸ್ತೆಯಲ್ಲೇ ನಿಂತು ನೋಡಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಕಳೆದ ತಿಂಗಳು ಅಧಿಕಾರಿ ಫೋನು ಮಾಡಿದಳು. ಗುಂಜಹಳ್ಳಿ ಕಡೆ ಒಂದು ಹೊಲದಲ್ಲಿ ಮತ್ತೊಂದು ಬೂದಿದಿಬ್ಬ ಸಿಕ್ಕಿದೆ, ಬನ್ನಿ ಮೇಡಂ, ಈ ಸಲ ಮಂಡಿ ಕೆಳಗೆ ಹಾಕಿಕೊಳ್ಳಲು ಸ್ಪಂಜು ಕೊಡಿಸುತ್ತೇನೆ ಎಂದಳು. ಆಗುವುದಿಲ್ಲ ಎಂದೆ. ಕಾರಣ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಒಂದು ವಾರದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಎತ್ತಿದರೆ ಚಾಚಾ. ಅವಳು ಜೀಪು ಕಳಿಸಿ ಅವರನ್ನು ಕರೆಸಿಕೊಂಡಿದ್ದಳು. ಗಾಳಿಯ ಸದ್ದಿನಲ್ಲಿ ಅವರ ಮಾತು ಅರ್ಧ ಕೇಳಿಸುತ್ತಿತ್ತು.

"ಅಕ್ಕೋರ, ಇಲ್ಲಿ ಬರೇ ಕುರಿ ಹೆಜ್ಜಿ ಅವರೀ. ಕುರಿ ಕಾಲು ನನಗೇನು ಗೊತ್ತು! ಹೇಳಾಕತ್ತೀನಿ, ಆ ಹುಡುಗಿ ಕೇಳವಲ್ಲಳು. ಯಾರರೇ ಕುರುಬರನ್ನ ಕರಸ್ರಿ ಅಂದೀನಿ. ನೀವು ಯಾವಾಗ ಬರ್ತೀರಿ?"

"ನಾ ಬರಂಗಿಲ್ಲ ಚಾಚಾ. ಸಾಕಾಗ್ಯಾದ."

"ನನಗೂ ಸಾಕಾಗ್ಯಾದ," ಅಂದರು ಅವರು. "ಭುಜ ಬ್ಯಾನಿ ರಾತ್ರಿ ನಿದ್ದಿ ಕೊಡವಲ್ದು." ಅಷ್ಟರಲ್ಲಿ ಆ ಕಡೆ ಯಾರೋ ಅವರನ್ನು ಕೂಗಿದರು. "ಬಂದೆ ಬೇಟಿ," ಎಂದು ಉತ್ತರ ಕೊಟ್ಟು, ಫೋನು ಆರಿಸುವುದನ್ನು ಮರೆತು ಹಾಗೇ ಕಿಸೆಯಲ್ಲಿಟ್ಟುಕೊಂಡು ಹೊರಟರು. ಅವರ ಚಪ್ಪಲಿಯ ಸಪ್ಪಳ, ದೂರದಲ್ಲಿ ಜರಡಿ ಹಿಡಿಯುವ ಸದ್ದು ಕೇಳುತ್ತಿತ್ತು. ಒಳಗಿಂದ ಗಂಡ ಚಹಾ ಕೇಳಿದರು. ನಾನು ಫೋನು ಕೆಳಗಿಟ್ಟು ಒಲೆ ಹಚ್ಚಿದೆ.